ಕೈಗೆ ಬಾರದ ಪಾರ್ಸೆಲ್‌ಗೆ ನಾವೇಕೆ ದುಡ್ಡು ಕಳೆದುಕೊಳ್ಳಬೇಕು?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಗ್ರಾಹಕ ಬಂಧುಗಳೇ,

ಮೊಬೈಲಿಗೆ ‘ಡೆಲಿವರ್ಡ್’ ಎಂಬ ಮೆಸೇಜು ಬರುತ್ತದೆ, ಬಾಗಿಲಿಗೆ ಪಾರ್ಸೆಲ್ ಬರುವುದಿಲ್ಲ. ಕಂಪನಿಗೆ ಫೋನ್ ಹಚ್ಚಿದರೆ ‘ಮಾರಿದವರನ್ನು ಕೇಳಿ’ ಎನ್ನುತ್ತಾರೆ. ಮಾರಿದವರು ಕೊರಿಯರ್‌ನವರ ಹೆಸರು ಹೇಳುತ್ತಾರೆ. ಕೊರಿಯರ್‌ನವರು ‘ನಮ್ಮ ಸಿಸ್ಟಮ್‌ನಲ್ಲಿ ಕೊಟ್ಟಾಗಿದೆ ಅಂತಿದೆ ಸಾರ್’ ಎಂದು ಫೋನ್ ಇಟ್ಟುಬಿಡುತ್ತಾರೆ. ಎಷ್ಟೋ ಜನ ಇಲ್ಲಿಗೇ ಸುಸ್ತಾಗಿ, ಹಾಳಾಗಿ ಹೋಗಲಿ ಎಂದು ಕೈಬಿಡುತ್ತಾರೆ. ಕೈಬಿಡಬೇಡಿ. ಸಾಮಾನು ನಿಮ್ಮ ಕೈ ಸೇರುವ ತನಕ ಅದರ ಹೊಣೆ ನಿಮ್ಮಿಂದ ದುಡ್ಡು ತೆಗೆದುಕೊಂಡವರದು.

ನಮ್ಮ ರಾಜಾಜಿನಗರದ್ದೇ ಪ್ರಕರಣ ನೋಡಿ. ಇಲ್ಲಿನ ಗ್ರಾಹಕಿಯೊಬ್ಬರು 2022ರ ಜನವರಿಯಲ್ಲಿ ಫ್ಲಿಪ್‌ಕಾರ್ಟ್‌ನಲ್ಲಿ 12,499 ರೂಪಾಯಿಯ ಮೊಬೈಲ್‌ಗೆ ಹಣ ಕಟ್ಟಿದರು. ಮಾರನೆಯ ದಿನ ಬರಬೇಕಿದ್ದ ಫೋನ್ ಬರಲೇ ಇಲ್ಲ. ಇಲ್ಲದ ಫೋನಿಗೆ ಕಂತು ಮಾತ್ರ ಕಟ್ಟುತ್ತಲೇ ಇದ್ದರು. ಕೊನೆಗೆ ಬೆಂಗಳೂರು ನಗರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರು. ನೋಟಿಸ್ ಮುಟ್ಟಿದರೂ ಕಂಪನಿಯ ಕಡೆಯಿಂದ ಯಾರೂ ಹಾಜರಾಗಲಿಲ್ಲ. ಹಣವನ್ನು ಶೇ 12ರ ಬಡ್ಡಿಯೊಂದಿಗೆ ಮರಳಿಸಬೇಕು, ಜೊತೆಗೆ 20,000 ರೂಪಾಯಿ ದಂಡ, 10,000 ರೂಪಾಯಿ ವ್ಯಾಜ್ಯದ ಖರ್ಚು ಕೊಡಬೇಕು ಎಂದು ಆಯೋಗ ಆದೇಶಿಸಿತು.

ಸಣ್ಣ ಮೊತ್ತಕ್ಕೆ ಯಾರು ಓಡಾಡುತ್ತಾರೆ ಎನ್ನುವವರು ಧಾರವಾಡದ ಕಡೆ ನೋಡಬೇಕು. ಅಲ್ಲಿ ಮಹಿಳೆಯೊಬ್ಬರು 2023ರ ಆಗಸ್ಟ್‌ನಲ್ಲಿ ಜೊಮ್ಯಾಟೊ ಮೂಲಕ 133 ರೂಪಾಯಿ 25 ಪೈಸೆಯ ಮೊಮೊ ತರಿಸಿದ್ದರು. ತಲುಪಿಸಿದ್ದೇವೆ ಎಂಬ ಮೆಸೇಜ್ ಬಂತು, ಮೊಮೊ ಬರಲಿಲ್ಲ. 2024ರ ಜುಲೈನಲ್ಲಿ ಅಲ್ಲಿನ ಆಯೋಗ ಅವರಿಗೆ 60,000 ರೂಪಾಯಿ ಕೊಡಿಸಿ ತೀರ್ಪು ಕೊಟ್ಟಿತು. ‘ಡೆಲಿವರ್ಡ್’ ಎಂದು ಕಂಪನಿ ತಾನೇ ಬರೆದುಕೊಂಡದ್ದು ಸಾಕ್ಷಿಯಾಗುವುದಾದರೆ ನಾಳೆ ಯಾರು ಏನನ್ನಾದರೂ ಬರೆದುಕೊಳ್ಳಬಹುದು. ಒಟಿಪಿ ಎಲ್ಲಿ, ಸಹಿ ಯಾರದು, ಫೋಟೊದಲ್ಲಿರುವ ಬಾಗಿಲು ನಮ್ಮದೇ? ಇಷ್ಟನ್ನು ಕೇಳಿ.

ಕಂಪನಿಯ ವಕೀಲರು 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮನ್ನು ತೋರಿಸಬಹುದು: ಸಾಗಿಸುವವನ ಕೈಗೆ ಸರಕು ಕೊಟ್ಟರೆ ಕೊಂಡವನಿಗೇ ಕೊಟ್ಟಂತೆ ಎಂದು ಮೇಲ್ನೋಟಕ್ಕೆ ಭಾವಿಸಬೇಕು ಎನ್ನುತ್ತದೆ ಅದು. ಆದರೆ ಬೇರೆ ಒಪ್ಪಂದವಿದ್ದರೆ ಆ ಭಾವನೆ ನಿಲ್ಲುವುದಿಲ್ಲ. ಮನೆ ಬಾಗಿಲಿಗೆ ಇಂಥ ದಿನ ತಲುಪಿಸುತ್ತೇವೆಂದು ಹೇಳಿ, ಅದಕ್ಕೂ ಚಾರ್ಜ್ ಹಾಕಿ, ಕೊರಿಯರ್‌ನವರನ್ನು ತಾವೇ ಗೊತ್ತುಮಾಡಿಕೊಂಡವರು ಆ ಕಲಮಿನ ಹಿಂದೆ ಅವಿತುಕೊಳ್ಳುವಂತಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕಿನ ಹಣವನ್ನೂ ಮಾರಿದವರು ಮರಳಿಸಲೊಲ್ಲೆ ಎನ್ನುವಂತಿಲ್ಲ. ಪ್ರಕೃತಿ ವಿಕೋಪದಂಥ ಕಾರಣವಿದ್ದರೆ ಮಾತ್ರ ವಿನಾಯಿತಿ. ತಡವಾದದ್ದಕ್ಕೇ ಹೀಗಾದರೆ ಬಾರದೇ ಹೋದದ್ದಕ್ಕೆ?

ಅಂಚೆಯಲ್ಲಿ ಕಳಿಸಿದ್ದೇವೆ, ಪೋಸ್ಟ್ ಆಫೀಸಿನಲ್ಲಿ ಕೇಳಿ ಎನ್ನುವವರೂ ಇದ್ದಾರೆ. 1898ರ ಕಾಯ್ದೆಯಂತೆ 2023ರ ಹೊಸ ಅಂಚೆ ಕಾಯ್ದೆಯೂ ಇಲಾಖೆಯನ್ನು ಬಹುಮಟ್ಟಿಗೆ ಹೊಣೆಯಿಂದ ಬಿಡಿಸಿದೆ. ಸ್ಪೀಡ್ ಪೋಸ್ಟ್ ಕಳೆದರೆ ಕೊಡುವುದು ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಬುಕ್ ಮಾಡಿದವರು ಮಾರಿದವರು. ಆ ಪುಡಿಗಾಸನ್ನು ಅವರೇ ವಸೂಲಿ ಮಾಡಿಕೊಳ್ಳಲಿ. ನಾವು ಕೌಂಟರ್ ಕೌಂಟರ್ ಅಲೆಯುವುದೇಕೆ?

ಹಾಗೆಂದು ನಮ್ಮ ಪಾಲಿನದು ಏನೂ ಇಲ್ಲ ಎಂದಲ್ಲ. ನಮ್ಮ ಕಡೆಯ ವಿಳಾಸಗಳ ಗೋಜಲು ಗೊತ್ತೇ ಇದೆ. ‘5ನೇ ಕ್ರಾಸ್, 8ನೇ ಮೇನ್’ ಎಂದಷ್ಟೇ ಬರೆದರೆ ಅದು ಬಸವೇಶ್ವರನಗರದ್ದೋ ವಿಜಯನಗರದ್ದೋ ಪಾರ್ಸೆಲ್ ತರುವ ಹುಡುಗನಿಗೆ ತಿಳಿಯುವುದಿಲ್ಲ. ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದರೆ ಊರಿನ ಅರ್ಧವೇ ಬಂತು. ಹಳೆ ನಂಬರ್, ಹೊಸ ನಂಬರ್ ಎರಡೂ ಗೇಟಿನ ಮೇಲಿರುವ ಮನೆಗಳಲ್ಲಂತೂ ದೇವರೇ ಗತಿ. ಬ್ಲಾಕ್ ಅಥವಾ ಹಂತ, ಸರಿಯಾದ ಪಿನ್ ಬರೆಯಿರಿ: ರಾಜಾಜಿನಗರಕ್ಕೆ 560010, ವಿಜಯನಗರಕ್ಕೆ 560040, ಬಸವೇಶ್ವರನಗರಕ್ಕೆ 560079, ಕೆಂಗೇರಿಗೆ 560060. ಪಾರ್ಸೆಲ್ ನೋಡದೆ ಒಟಿಪಿ ಹೇಳಬೇಡಿ. ‘ವಾಚ್‌ಮನ್ ಹತ್ತಿರ ಕೊಡಿ’ ಎಂದು ನೀವೇ ಹೇಳಿ, ಆಮೇಲೆ ಅಲ್ಲಿ ಕಳೆದುಹೋದರೆ ಕಂಪನಿಯನ್ನು ದೂರುವುದು ಕಷ್ಟ. ಬಿಸಿಲಲ್ಲಿ ಬೈಕ್ ಓಡಿಸುವ ಹುಡುಗನ ಮೇಲೆ ಕೂಗಾಡುವುದಂತೂ ಬೇಡ. ನಿಮ್ಮ ಹಣ ಅವನ ಜೇಬಿನಲ್ಲಿಲ್ಲ.

ಪಾರ್ಸೆಲ್ ಬಾರದಿದ್ದರೆ ಆರ್ಡರ್, ಪಾವತಿ, ‘ಡೆಲಿವರ್ಡ್’ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅಂದೇ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ. 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ತಿಂಗಳೊಳಗೆ ಪರಿಹರಿಸಬೇಕು, ಇದು ನಿಯಮ. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ ಗ್ರಾಹಕರ ಆಯೋಗವಿದೆ, ಮನೆಯಿಂದಲೇ ದೂರು ಕೊಡಲು ‘ಇ-ಜಾಗೃತಿ’ ಜಾಲತಾಣವಿದೆ. ಕಂಪನಿಯ ಕಚೇರಿ ಯಾವ ಊರಲ್ಲೇ ಇರಲಿ, 2019ರ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ಎರಡು ವರ್ಷ ಮೀರಗೊಡಬೇಡಿ, ಅಷ್ಟೆ.

— ನಿಮ್ಮದೇ ಬಡಾವಣೆಗಳ ಕೆಲವು ಗ್ರಾಹಕರು
(ಓದಿದ ಮೇಲೆ ಪಕ್ಕದ ಮನೆಗೆ ಕೊಡಿ)