ಸುಸ್ತಾಗಿದೆ ಅನ್ನೋಕೆ ಹೋಗಿ ಬೇಜಾರಾಗಿದೆ ಅಂದಳು!

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗಳು ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು. ‘ಚಿಕ್ಕಿ, ಒಂದು ದಿನ ರಜೆ ಕೇಳೋಣ ಅಂತ ಪೀಠಿಕೆ ಹಾಕಿದ್ದಷ್ಟೇ. ಮ್ಯಾನೇಜರ್ ನೋಡಿದ್ರೆ ನನ್ನನ್ನ ಪ್ರಾಜೆಕ್ಟಿಂದಾನೇ ತೆಗೆಯೋ ಮಾತಾಡ್ತಿದಾರೆ’ ಅಂದಳು.

‘ಏನಂತ ಬರೆದಿದ್ದೆ?’ ಕೇಳಿದೆ. ಓದಿದಳು: ‘ಐ ಆಮ್ ಟೈರ್ಡ್ ಆಫ್ ದಿಸ್ ಪ್ರಾಜೆಕ್ಟ್.’

ಎರಡು ತಿಂಗಳಿಂದ ರಾತ್ರಿ ಹಗಲು ದುಡಿದ ಹುಡುಗಿ. ಅವಳ ಮನಸ್ಸಲ್ಲಿದ್ದದ್ದು ‘ಈ ಕೆಲಸ ಮಾಡಿ ಮಾಡಿ ಸುಸ್ತಾಗಿದೆ’ ಅಂತ. ಅವರು ಓದಿದ್ದು ‘ಈ ಪ್ರಾಜೆಕ್ಟ್ ಅಂದರೆ ಬೇಸರ ಬಂದಿದೆ’ ಅಂತ. ಅವರ ತಪ್ಪೂ ಅಲ್ಲ. ಇಂಗ್ಲಿಷ್‌ನಲ್ಲಿ ‘ಟೈರ್ಡ್ ಆಫ್’ ಅಂದರೆ ಅದೇ ಅರ್ಥ. ‘ಟೈರ್ಡ್ ಫ್ರಮ್’ ಅಥವಾ ‘ಟೈರ್ಡ್ ಆಫ್ಟರ್’ ಅಂದಿದ್ದರೆ ಸುಸ್ತು. ಕನ್ನಡದಲ್ಲೂ ಇದೇ ಕಥೆ ತಾನೆ? ‘ಕೆಲಸ ಮಾಡಿ ಸಾಕಾಗಿದೆ’ ಅಂದರೆ ಅಮ್ಮ ಕಾಫಿ ತಂದು ಕೊಡ್ತಾಳೆ. ‘ಈ ಕೆಲಸವೇ ಸಾಕಾಗಿದೆ’ ಅಂದರೆ ಅಪ್ಪ ಟಿವಿ ಆರಿಸಿ ನಮ್ಮ ಕಡೆ ತಿರುಗ್ತಾರೆ!

ಫೋನ್ ಇಡುವ ಮುಂಚೆ ಅವಳು ಹೇಳಿದ ಮಾತು ಮಾತ್ರ ನನಗೆ ಚುಚ್ಚಿತು. ‘ಕನ್ನಡ ಮೀಡಿಯಂನವರಿಗೆ ಇಂಗ್ಲಿಷ್ ಬರೋದೇ ಇಲ್ಲ ಬಿಡಿ ಚಿಕ್ಕಿ.’ ಹಾಗಾಗಿ ಈ ವಾರದ ಅಂಕಣ ಅವಳಿಗೆ, ಮತ್ತು ಮೇಲ್ ಬರೆದು ಸೆಂಡ್ ಒತ್ತುವ ಮುಂಚೆ ಕೈ ತಡೆಯುವ ನಿಮಗೆಲ್ಲ.

ಮೊದಲು ನಮ್ಮ ಭಾಷೆಯನ್ನೇ ನೋಡೋಣ. ನಾವು ಹಾವಿಗೆ ಹೆದರ್ತೀವಿ, ಗೆಳೆಯನನ್ನು ನಂಬ್ತೀವಿ, ತಮ್ಮನ ಮೇಲೆ ಸಿಟ್ಟಾಗ್ತೀವಿ. ಹಾವಿಗೆ ಯಾಕೆ ‘ಗೆ’, ಗೆಳೆಯನಿಗೆ ಯಾಕೆ ‘ಅನ್ನು’, ತಮ್ಮನಿಗೆ ಯಾಕೆ ‘ಮೇಲೆ’? ಉತ್ತರ ಯಾರಿಗೂ ಬೇಕಾಗಿಲ್ಲ. ಚಿಕ್ಕಂದಿನಿಂದ ಜೋಡಿಯಾಗಿಯೇ ಕೇಳಿದ್ದೀವಿ, ಜೋಡಿಯಾಗಿಯೇ ಬಾಯಿಗೆ ಬರುತ್ತೆ. ಕನ್ನಡ ಕಲಿಯುತ್ತಿರುವ ಉತ್ತರದ ಕಡೆಯ ಸಹೋದ್ಯೋಗಿ ‘ನಾನು ಹಾವಿನಿಂದ ಹೆದರ್ತೀನಿ’ ಅಂದರೆ ನಗು ಬರುತ್ತೆ. ಹಿಂದಿಯಲ್ಲಿ ಹೆದರಿಕೆ ‘ಸೇ’ ಹಿಡಿದು ಬರುತ್ತದೆ. ಅದನ್ನೇ ಅವರು ಇಲ್ಲಿಗೆ ತಂದಿದ್ದಾರೆ ಅಷ್ಟೇ.

ಇಂಗ್ಲಿಷ್‌ನಲ್ಲಿ ನಾವು ಮಾಡೋದೂ ಅದನ್ನೇ. ನಮ್ಮ ಪ್ರತ್ಯಯ ಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಅವರ ಪ್ರಿಪೊಸಿಷನ್ ನಾಮಪದದ ಮುಂದೆ ಬಿಡಿಯಾಗಿ ನಿಲ್ಲುತ್ತದೆ. ಬಾಲವನ್ನು ಕಿತ್ತು ಮುಂದೆ ಇಟ್ಟರೆ ಕೆಲಸ ಮುಗೀತು ಅಂದುಕೊಳ್ತೀವಿ. ಅಲ್ಲೇ ಎಡವೋದು.

‘ಲೆಕ್ಕದಲ್ಲಿ ಜಾಣೆ’ ಅನ್ನೋದು ‘ಗುಡ್ ಇನ್ ಮ್ಯಾಥ್ಸ್’ ಆಗುತ್ತದೆ, ಬೇಕಾದ್ದು ‘ಗುಡ್ ಅಟ್ ಮ್ಯಾಥ್ಸ್’. ‘ಡಾಕ್ಟರ್ ಜೊತೆ ಮದುವೆ’ ಅನ್ನೋದು ‘ಮ್ಯಾರೀಡ್ ವಿತ್’ ಆಗುತ್ತದೆ, ಬೇಕಾದ್ದು ‘ಮ್ಯಾರೀಡ್ ಟು’. ‘ನನಗಿಂತ ಸೀನಿಯರ್’ ಅನ್ನೋದು ‘ಸೀನಿಯರ್ ದ್ಯಾನ್ ಮೀ’ ಆಗುತ್ತದೆ, ಬೇಕಾದ್ದು ‘ಸೀನಿಯರ್ ಟು ಮೀ’. ಈ ಕೊನೆಯದಕ್ಕೆ ಮಾತ್ರ ಒಂದು ಕಾರಣವೂ ಇದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವು ಲ್ಯಾಟಿನ್‌ನಿಂದ ಬಂದ ಪದಗಳು. ಅಲ್ಲಿ ಅವುಗಳ ಒಡಲಲ್ಲೇ ‘ಇನ್ನೂ ಹೆಚ್ಚು’, ‘ಇನ್ನೂ ಕಡಿಮೆ’ ಎಂಬ ಹೋಲಿಕೆ ಸೇರಿಕೊಂಡಿತ್ತು. ಇಂಗ್ಲಿಷ್‌ಗೆ ಬಂದ ಮೇಲೂ ಅವು ‘ದ್ಯಾನ್’ ಕೇಳದೆ ‘ಟು’ ಜೊತೆ ಉಳಿದವು.

ಇನ್ನು ಒಂದೇ ಗುಣವಾಚಕಕ್ಕೆ ನಾಲ್ಕು ಜೊತೆಗಾರರು ಇರೋದುಂಟು. ‘ಗುಡ್ ಅಟ್’ ಕೌಶಲಕ್ಕೆ: ಅವಳು ಕೋಡಿಂಗ್‌ನಲ್ಲಿ ಗಟ್ಟಿಗಿತ್ತಿ. ‘ಗುಡ್ ವಿತ್’ ಒಗ್ಗಿ ನಡೆಯೋದಕ್ಕೆ: ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುವವರು ‘ಗುಡ್ ವಿತ್ ಚಿಲ್ಡ್ರನ್’. ‘ಗುಡ್ ಫಾರ್’ ಹಿತಕ್ಕೆ: ವಾಕಿಂಗ್ ಆರೋಗ್ಯಕ್ಕೆ ಒಳ್ಳೇದು. ‘ಗುಡ್ ಟು’ ನಡವಳಿಕೆಗೆ: ಕಷ್ಟಕಾಲದಲ್ಲಿ ಅವರು ನನ್ನ ಜೊತೆ ಒಳ್ಳೆಯದಾಗಿ ನಡೆದುಕೊಂಡರು. ಸಂದರ್ಶನದಲ್ಲಿ ಬಹಳ ಸಲ ಬರುವ ‘ರೆಸ್ಪಾನ್ಸಿಬಲ್’ ಕೂಡ ಹೀಗೇ. ಕೆಲಸಕ್ಕೆ ‘ಫಾರ್’, ಮೇಲಿನವರಿಗೆ ‘ಟು’. ‘ಟೆಸ್ಟಿಂಗ್‌ಗೆ ನಾನು ಹೊಣೆ’ ಅನ್ನೋದು ಮೊದಲನೆಯದು, ‘ನಾನು ಉತ್ತರ ಕೊಡಬೇಕಾದ್ದು ಟೀಮ್ ಲೀಡ್‌ಗೆ’ ಅನ್ನೋದು ಎರಡನೆಯದು.

ನಾಮಪದಗಳೂ ತಮ್ಮ ಜೊತೆಗಾರರನ್ನು ತಾವೇ ಆರಿಸಿಕೊಂಡಿವೆ. ತಡವಾದದ್ದಕ್ಕೆ ಕಾರಣ ಹೇಳುವಾಗ ‘ರೀಸನ್’ ಬರೆದರೆ ‘ಫಾರ್’ ಬೇಕು, ‘ಕಾಸ್’ ಬರೆದರೆ ‘ಆಫ್’ ಬೇಕು. ಕನ್ನಡದಲ್ಲಿ ಎರಡಕ್ಕೂ ‘ಕಾರಣ’ವೇ! ಸಮಸ್ಯೆಯ ಪರಿಹಾರ ‘ಸೊಲ್ಯೂಷನ್ ಟು’. ಸಂಬಳ ಏರಿದ್ದು ‘ಇನ್‌ಕ್ರೀಸ್ ಇನ್ ಸ್ಯಾಲರಿ’, ಎಷ್ಟು ಏರಿತು ಅನ್ನೋಕೆ ‘ಇನ್‌ಕ್ರೀಸ್ ಆಫ್ 10 ಪರ್ಸೆಂಟ್’. ಯಾವುದರಲ್ಲಿ ಅನ್ನೋದಕ್ಕೆ ‘ಇನ್’, ಎಷ್ಟು ಅನ್ನೋದಕ್ಕೆ ‘ಆಫ್’.

ಆಫೀಸಿನಲ್ಲಿ ದಿನಾ ಕಿವಿಗೆ ಬೀಳುವ ‘ಡಿಸ್ಕಸ್ ಅಬೌಟ್’ ಎಲ್ಲಿಂದ ಬಂತು? ಅದಕ್ಕೂ ಈ ಜೋಡಿಗಳೇ ಕಾರಣ. ‘ಡಿಸ್ಕಷನ್’ ನಾಮಪದ, ಅದರ ಹಿಂದೆ ‘ಅಬೌಟ್’ ಬರಬಹುದು. ‘ಡಿಸ್ಕಸ್’ ಕ್ರಿಯಾಪದ, ಅದಕ್ಕೆ ಜೊತೆಗಾರ ಬೇಡ, ನೇರವಾಗಿ ವಿಷಯಕ್ಕೆ ಹೋಗುತ್ತದೆ. ಇಂಥ ಜೋಡಿ ಇನ್ನೂ ಇವೆ. ‘ರಿಕ್ವೆಸ್ಟ್’ ನಾಮಪದವಾದರೆ ‘ಫಾರ್’ ಬೇಕು, ಕ್ರಿಯಾಪದವಾದರೆ ಬೇಡ. ‘ಡಿಮ್ಯಾಂಡ್’ ಕೂಡ ಅದೇ ಥರ. ‘ಎಂಫಸಿಸ್’ ಆದರೆ ‘ಆನ್’, ‘ಎಂಫಸೈಸ್’ ಆದರೆ ಏನೂ ಇಲ್ಲ. ‘ಆನ್ಸರ್’ ನಾಮಪದಕ್ಕೆ ‘ಟು’, ಕ್ರಿಯಾಪದಕ್ಕೆ ಏನೂ ಇಲ್ಲ. ಈ ಒಂದು ಗುಟ್ಟು ತಿಳಿದರೆ ನಿಮ್ಮ ಮೇಲ್‌ಗಳಲ್ಲಿನ ಎಷ್ಟೋ ತಪ್ಪುಗಳು ತಾವಾಗಿ ಉದುರುತ್ತವೆ.

ಜೋಡಿಯ ಹಟ ಪ್ರಿಪೊಸಿಷನ್‌ಗೆ ಮಾತ್ರ ಅಲ್ಲ. ಮಳೆ ‘ಹೆವಿ’, ಕಾಫಿ ‘ಸ್ಟ್ರಾಂಗ್’. ಅದಲು ಬದಲು ಮಾಡಿದರೆ ಇಂಗ್ಲಿಷ್‌ನವರಿಗೆ ಕಸಿವಿಸಿ. ನಮಗೂ ಅಷ್ಟೇ: ನಿದ್ದೆ ಗಾಢ, ಬಡತನ ಕಡು, ಬಿಸಿಲು ಬಿರು. ‘ಗಾಢ ಬಿಸಿಲು’ ಅಂದವರನ್ನು ಅಜ್ಜಿ ಸುಮ್ಮನೆ ಬಿಟ್ಟಾಳೇ? ಪದಗಳ ಈ ಸಹವಾಸಕ್ಕೆ ‘ಕೊಲೊಕೇಷನ್’ ಎಂಬ ಹೆಸರು ಭಾಷಾಶಾಸ್ತ್ರದಲ್ಲಿ ನೆಲೆಯೂರಿದ್ದು ಬ್ರಿಟನ್ನಿನ ಜೆ.ಆರ್. ಫರ್ತ್ ಅವರಿಂದ, 1950ರ ದಶಕದಲ್ಲಿ.

ಅದಕ್ಕೂ ಮುಂಚೆಯೇ ಒಬ್ಬ ಮೇಷ್ಟ್ರಿಗೆ ಇದು ಹೊಳೆದಿತ್ತು. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಜಪಾನಿ ಭಾಷೆಯಲ್ಲೂ ನಮ್ಮಂತೆಯೇ ‘ಗೆ’, ‘ಇಂದ’, ‘ಅಲ್ಲಿ’ಗಳು ಪದದ ಹಿಂದೆಯೇ ಬರುತ್ತವೆ. ಹಾಗಾಗಿ ಅಲ್ಲಿನ ಮಕ್ಕಳಿಗೂ ಬರೀ ಅರ್ಥ ಹೇಳಿದರೆ ಸಾಲದಾಗಿತ್ತು, ಪದವನ್ನು ವಾಕ್ಯದಲ್ಲಿ ಹೇಗೆ ಕೂರಿಸಬೇಕು ಅಂತಲೂ ಹೇಳಬೇಕಿತ್ತು. ಹಾರ್ನ್‌ಬಿ ಇಬ್ಬರು ಜೊತೆಗಾರರೊಂದಿಗೆ ಅಂಥದ್ದೇ ಒಂದು ನಿಘಂಟು ಮಾಡಿದರು. 1942ರಲ್ಲಿ ಅದು ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂತು. ಇವತ್ತು ನಿಮ್ಮ ಫೋನಿನಲ್ಲಿ ಸಿಗುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರದೇ ಕುಡಿ. ಅಂದರೆ ಆ ಪುಸ್ತಕ ಹುಟ್ಟಿದ್ದೇ ನಮ್ಮಂಥವರಿಗಾಗಿ.

ಹಾಗಾದರೆ ಕಲಿಯೋದು ಹೇಗೆ? ಮೂರೇ ಅಭ್ಯಾಸ ಸಾಕು.

ಒಂದು, ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಅವೇರ್’ ಅಂತಲ್ಲ, ‘ಅವೇರ್ ಆಫ್’ ಅಂತ ಬರೆಯಿರಿ. ‘ಇಂಟರೆಸ್ಟೆಡ್ ಇನ್’, ‘ಡಿಪೆಂಡೆಂಟ್ ಆನ್’, ‘ಸಿಮಿಲರ್ ಟು’. ದಿನಕ್ಕೆ ಎರಡು ಸಾಕು.

ಎರಡು, ಪ್ರಿಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಹಚ್ಚಿ. ‘ಇಂಟರೆಸ್ಟೆಡ್ ಇನ್ ಜಾಯಿನಿಂಗ್’, ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’.

ಮೂರು, ಅನುಮಾನ ಬಂದಾಗ ಕನ್ನಡದಿಂದ ಊಹಿಸಬೇಡಿ. ನಿಘಂಟಿನಲ್ಲಿ ಆ ಪದ ತೆಗೆದು ಅರ್ಥ ಬಿಟ್ಟು ಉದಾಹರಣೆ ವಾಕ್ಯ ಓದಿ. ಜೊತೆಗಾರ ಅಲ್ಲೇ ನಿಂತಿರುತ್ತಾನೆ.

ಇನ್ನೊಂದು ಮಾತು, ಧೈರ್ಯಕ್ಕೆ. ‘ಡಿಫರೆಂಟ್’ ಪದದ ಜೊತೆಗೆ ‘ಫ್ರಮ್’ ಎಲ್ಲ ಕಡೆ ನಡೆಯುತ್ತದೆ. ಬ್ರಿಟನ್ನಿನವರು ‘ಟು’ ಅಂತಲೂ ಅಂತಾರೆ, ಅಮೆರಿಕದವರು ‘ದ್ಯಾನ್’ ಅಂತಲೂ ಅಂತಾರೆ. ಇಂಗ್ಲಿಷ್ ಮನೆಮಾತಾದವರಲ್ಲೇ ಒಮ್ಮತವಿಲ್ಲ! ಹಾಗಿರುವಾಗ ಒಂದು ‘ಆಫ್’ ಜಾರಿದ್ದಕ್ಕೆ ಇಡೀ ಭಾಷೆಯೇ ಬರೋದಿಲ್ಲ ಅಂತ ತಲೆ ತಗ್ಗಿಸಬೇಕಾ? ‘ಹಾವಿನಿಂದ ಹೆದರ್ತೀನಿ’ ಅಂದ ಸಹೋದ್ಯೋಗಿಗೆ ಬುದ್ಧಿ ಕಮ್ಮಿ ಅಂತ ನಾವ್ಯಾರೂ ತೀರ್ಮಾನ ಮಾಡಲಿಲ್ಲ. ಪಾಪ, ಕಲೀತಿದಾರೆ ಅಂದೆವು. ಅದೇ ಔದಾರ್ಯವನ್ನು ನಮ್ಮ ಮೇಲೂ ತೋರಿಸಿಕೊಳ್ಳೋಣ. ಜೋಡಿ ತಪ್ಪಿದ್ದನ್ನು ತಿದ್ದಿಕೊಳ್ಳೋಣ, ನಮ್ಮ ಯೋಗ್ಯತೆ ಮಾತ್ರ ಅದರಿಂದ ಅಳೆದುಕೊಳ್ಳೋದು ಬೇಡ.

ಅಕ್ಕನ ಮಗಳು ಮಾರನೇ ದಿನ ಮ್ಯಾನೇಜರ್ ಜೊತೆ ನೇರವಾಗಿ ಮಾತಾಡಿದಳು. ಆಮೇಲೆ ಮೆಸೇಜನ್ನೂ ತಿದ್ದಿ ಕಳಿಸಿದಳು: ‘ಐ ಆಮ್ ಟೈರ್ಡ್ ಆಫ್ಟರ್ ದಿಸ್ ರಿಲೀಸ್. ಕ್ಯಾನ್ ಐ ಟೇಕ್ ಫ್ರೈಡೇ ಆಫ್?’ ಎರಡು ‘ಎಫ್’ ಇರುವ ಆಫ್ ಇದು. ರಜೆ ಸಿಕ್ಕಿತು. ಪ್ರಾಜೆಕ್ಟೂ ಅವಳ ಹತ್ತಿರವೇ ಉಳಿಯಿತು. ಶುಕ್ರವಾರ ಮಧ್ಯಾಹ್ನ ಮತ್ತೆ ಫೋನ್ ಮಾಡಿದಳು. ಈ ಸಲ ದನಿ ಗಟ್ಟಿಯಾಗಿತ್ತು.