ಒಲೆ ನಿಮ್ಮದು, ಬುನಾದಿಯ ಮಾತೂ ನಿಮ್ಮದಾಗಲಿ

ಬೇಕರಿ ಭಟ್ಟಿಯ ಹಾಗೆ ಹಿತ್ತಲಲ್ಲೊಂದು ಪುಟ್ಟ ಸೌದೆ ಓವನ್ ಇರಬೇಕು, ಮಕ್ಕಳಿಗೆ ಬನ್ನು, ಪಿಜ್ಜಾ ಮಾಡಿಕೊಡಬೇಕು, ನಾಲ್ಕು ಮನೆಗೆ ಬ್ರೆಡ್ ಮಾರಿ ಸ್ವಂತ ದುಡ್ಡು ನೋಡಬೇಕು... ಇಂಥ ಆಸೆ ನಿಮಗೂ ಇದೆಯಾ? ಒಳ್ಳೆಯದೇ. ಆದರೆ ಮನೆಯಲ್ಲಿ ಈ ಮಾತು ಎತ್ತಿದ ಕೂಡಲೇ ಏನಾಗುತ್ತೆ ಹೇಳಿ? ಯಜಮಾನರು ಗೌಂಡಿಗೆ ಫೋನ್ ಮಾಡುತ್ತಾರೆ. ಅವನು ಬಂದು, 'ಒಲೆಗ್ಯಾಕ್ರೀ ಅಕ್ಕಾರ ಕಾಂಕ್ರೀಟು? ನಾಕು ಕಲ್ಲು ಇಟ್ರಾತು' ಅನ್ನುತ್ತಾನೆ. ಜಾಗ, ಎತ್ತರ ಎಲ್ಲಾ ಅವರಿಬ್ಬರೇ ತೀರ್ಮಾನಿಸುತ್ತಾರೆ. ದಿನಾ ಆ ಒಲೆ ಮುಂದೆ ನಿಲ್ಲಬೇಕಾದ ನಿಮ್ಮ ಪಾಲಿಗೆ ಚಹಾ ಮಾಡಿಕೊಡುವ ಕೆಲಸ ಮಾತ್ರ!

ಇಲ್ಲೇ ನೀವು ಸ್ವಲ್ಪ ಹಟ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಮೇಲಿನ ಗುಮ್ಮಟ ಸರಿ ಬರದಿದ್ದರೆ ಒಡೆದು ಮತ್ತೆ ಕಟ್ಟಬಹುದು. ಬುನಾದಿ ಹಾಗಲ್ಲ. ಕಲ್ಲು, ಇಟ್ಟಿಗೆ, ಮಣ್ಣು ಎಲ್ಲಾ ಸೇರಿದರೆ ಸಣ್ಣ ಓವನ್ನೂ ಎರಡು ಟನ್ ಹತ್ತಿರ ತೂಗುತ್ತದೆ. ತಳ ಒಂದು ಕಡೆ ಕುಸಿದರೆ ಗುಮ್ಮಟ ಸೀಳುತ್ತದೆ, ನಿಮ್ಮ ದುಡ್ಡೂ ಆಸೆಯೂ ಒಟ್ಟಿಗೇ ಮಣ್ಣುಪಾಲು.

ಮೊದಲು ಮಣ್ಣು ನೋಡಿ

ಕಂಪ್ಲಿ ಕಡೆಯ ಗದ್ದೆ ಬಯಲಿನಂಥ ಎರೆ ಮಣ್ಣು ನಿಮ್ಮ ಹಿತ್ತಲಲ್ಲಿದ್ದರೆ ಹುಷಾರು. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಸುರಿಯುವುದು ತೊಟ್ಟಿಲ ಮೇಲೆ ಮನೆ ಕಟ್ಟಿದ ಹಾಗೆ! ಒಂದೂವರೆ ಅಡಿ ಎರೆ ತೆಗೆಸಿ, ಗರಸು ತುಂಬಿಸಿ. ಆರಾರು ಇಂಚಿಗೊಮ್ಮೆ ನೀರು ಹಾಕಿ ದಿಮ್ಮಸು ಹೊಡೆಸಬೇಕು. ಸಂಡೂರು ಗುಡ್ಡದ ಕಡೆಯ ಗಟ್ಟಿ ಕೆಂಪು ಗರಸು ನೆಲವಾದರೆ ಮುಕ್ಕಾಲು ಅಡಿ ಅಗೆದರೂ ನಡೆಯುತ್ತದೆ.

ಹಂಪಿ, ಕಮಲಾಪುರದ ಸುತ್ತ ಮನೆಯಿರುವವರು ಇನ್ನೊಂದು ವಿಷಯ ಮರೆಯಬೇಡಿ. ಅಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆ ಇದೆ. ಸಣ್ಣ ಕಟ್ಟೆ ಅಂತ ಉಡಾಫೆ ಮಾಡದೆ, ಗುದ್ದಲಿ ಹಾಕುವ ಮುಂಚೆ ಅಲ್ಲಿ ಕೇಳಿಕೊಳ್ಳುವುದೇ ವಾಸಿ.

ಲೆಕ್ಕ ನಿಮ್ಮ ಕೈಯಲ್ಲಿರಲಿ

4 ಅಡಿ ಉದ್ದ, 4 ಅಡಿ ಅಗಲ, 4 ಇಂಚು ದಪ್ಪ. ಮನೆಮಟ್ಟಿನ ಓವನ್‌ಗೆ ಇಷ್ಟು ಕಾಂಕ್ರೀಟ್ ಸಾಕು. ಸಿಮೆಂಟ್ ಒಂದು ಪುಟ್ಟಿಗೆ ಉಸುಕು ಎರಡು, ಮುಕ್ಕಾಲು ಇಂಚಿನ ಜಲ್ಲಿ ನಾಲ್ಕು. ಒಟ್ಟು 50 ಕಿಲೋದ ಒಂದೇ ಒಂದು ಮೂಟೆ ಸಿಮೆಂಟಿನಲ್ಲಿ ಕೆಲಸ ಮುಗಿಯುತ್ತದೆ. 'ಮೂರು ಮೂಟೆ ತರಿಸ್ರೀ' ಅಂದರೆ ಯಾಕೆ ಅಂತ ಕೇಳಿ! 8 ಎಂಎಂ ಕಬ್ಬಿಣದ ಸರಳನ್ನು ಆರು ಇಂಚಿಗೊಂದರಂತೆ ಎರಡೂ ಕಡೆ ಹೆಣೆಸಿ. ಸರಳು ನೆಲಕ್ಕೆ ತಾಗದಂತೆ ಕೆಳಗೆ ಸಣ್ಣ ಕಲ್ಲು ಕೊಡಿಸಿ.

ನೀರು ಒಂದು ಮೂಟೆಗೆ 25 ಲೀಟರ್ ಮೀರದಿರಲಿ. ದೋಸೆ ಹಿಟ್ಟಿನಂತೆ ತೆಳ್ಳಗಾದರೆ ಸುರಿಯೋಕೆ ಸುಲಭ, ಆದರೆ ಆರಿದ ಮೇಲೆ ಪೊಳ್ಳು. ಇಡ್ಲಿ ಹಿಟ್ಟಿಗಿಂತಲೂ ಗಟ್ಟಿ ಇರಬೇಕು. ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ನೀವೂ ಕೈಹಾಕುವುದಾದರೆ ಬಳೆ, ಉಂಗುರ ತೆಗೆದಿಟ್ಟು ಗ್ಲೌಸ್ ಹಾಕಿಕೊಳ್ಳಿ.

ನಮ್ಮೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಮಧ್ಯಾಹ್ನದ ಬಿಸಿಲಲ್ಲಿ ಸುರಿದರೆ ನೀರು ಆವಿಯಾಗಿ ಮೈಯೆಲ್ಲಾ ಬಿರುಕು. ಆದ್ದರಿಂದ ಬೆಳಗಿನ ಜಾವ ಅಥವಾ ಇಳಿಹೊತ್ತು ಸರಿಯಾದ ಸಮಯ. ಮಾರನೇ ದಿನದಿಂದ ಒದ್ದೆ ಗೋಣಿತಾಟು ಹೊದಿಸಿ 10 ದಿನ ಒಣಗದಂತೆ ನೋಡಿಕೊಳ್ಳಿ. ಗೌಂಡಿ ಕೂಲಿ ತಗೊಂಡು ಹೋಗಿಬಿಡುತ್ತಾನೆ. ಈ ಹತ್ತು ದಿನದ ಬಾಣಂತನ ಮಾತ್ರ ನಿಮ್ಮದೇ!

ಬೆಂಕಿಗೂ ಕಾಂಕ್ರೀಟಿಗೂ ಆಗಿಬರಲ್ಲ

ಬಹಳ ಜನ ಎಡವೋದು ಇಲ್ಲೇ. ಸೌದೆ ಓವನ್ನಿನ ತಳ 350ರಿಂದ 400 ಡಿಗ್ರಿ ಕಾಯುತ್ತದೆ. 300 ಡಿಗ್ರಿ ದಾಟಿದರೆ ಸಾಮಾನ್ಯ ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. ಹಾಗಾದರೆ ನಮ್ಮ ಗಟ್ಟಿ ಗ್ರಾನೈಟ್ ಚಪ್ಪಡಿ ಹಾಸಿದರಾಯ್ತಲ್ಲ ಅಂತೀರಾ? ಕಲ್ಲು ಕ್ವಾರಿಗಳಲ್ಲಿ ಬಂಡೆಯ ಮೇಲೆ ಬೆಂಕಿ ಹಾಕಿಯೇ ಚಪ್ಪಡಿ ಎಬ್ಬಿಸುತ್ತಿದ್ದರು ಅನ್ನೋದು ನೆನಪಿರಲಿ. ಬಂಡೆಯನ್ನೇ ಸೀಳುವ ಬೆಂಕಿ ಚಪ್ಪಡಿಯನ್ನು ಬಿಟ್ಟೀತೇ?

ಹಾಗಾಗಿ ಕಾಂಕ್ರೀಟಿನ ಮೇಲೆ ಎರಡೂವರೆ ಅಡಿ ಸೈಜುಗಲ್ಲಿನ ಕಟ್ಟೆ ಕಟ್ಟಿಸಿ, ಒಳಗೆ ಗರಸು ತುಂಬಿಸಿ. ಅದರ ಮೇಲೆ ನಾಲ್ಕು ಇಂಚು ಭತ್ತದ ಹೊಟ್ಟಿನ ಬೂದಿಗೆ ಸ್ವಲ್ಪ ಜೇಡಿಮಣ್ಣು ಕಲಸಿ ಹಾಸಬೇಕು. ಕಂಪ್ಲಿ, ಗಂಗಾವತಿಯ ರೈಸ್‌ಮಿಲ್ ಕಡೆ ವಿಚಾರಿಸಿದರೆ ಬೂದಿಗೆ ಕಷ್ಟವಿಲ್ಲ. ಅದು ಶಾಖವನ್ನು ಕೆಳಗಿಳಿಯಲು ಬಿಡುವುದಿಲ್ಲ, ಸೌದೆಯೂ ಉಳಿಯುತ್ತದೆ. ಎಲ್ಲಕ್ಕಿಂತ ಮೇಲೆ ಬೆಂಕಿ ತಡೆಯುವ ಇಟ್ಟಿಗೆ.

ಎತ್ತರ ಅಳೆಯಬೇಕಾದದ್ದು ಗೌಂಡಿಯ ಸೊಂಟಕ್ಕಲ್ಲ, ನಿಮ್ಮ ಮೊಣಕೈಗೆ. ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡದ್ದು ನಮ್ಮ ಅಮ್ಮಂದಿರ ಕಾಲಕ್ಕೇ ಸಾಕಲ್ಲವೇ? ಮುಂಗಾರಿನ ಪಡುವಣ ಗಾಳಿ ಒಲೆಯ ಬಾಯಿಗೆ ನೇರ ನುಗ್ಗದ, ಹೊಗೆ ಪಕ್ಕದ ಮನೆಯವರ ಕಿಟಕಿಗೆ ಹೋಗದ ಜಾಗವನ್ನು ನೀವೇ ಆರಿಸಿ.

ನೆನಪಿಡಿ

* ಸೆಪ್ಟಿಕ್ ಟ್ಯಾಂಕ್, ನೀರಿನ ತೊಟ್ಟಿ, ಗ್ಯಾಸ್ ಸಿಲಿಂಡರಿನಿಂದ ದೂರವಿರಲಿ.
* ಹಲಗೆ ಕಟ್ಟಿದ ಮೇಲೆ ರಸಮಟ್ಟ ಇಟ್ಟು ನಿಮ್ಮ ಕಣ್ಣಾರೆ ನೋಡಿ.
* ಓವನ್ ಪೂರ್ತಿ ಒಣಗಿದ ಮೇಲೆ ನಾಲ್ಕೈದು ದಿನ ಸಣ್ಣ ಬೆಂಕಿ. ಮೊದಲ ದಿನವೇ ದೊಡ್ಡ ಉರಿ ಬೇಡ.

ಗಾರೆ ಕೆಲಸ ನಮಗೆಲ್ಲಿ ಅರ್ಥವಾಗುತ್ತೆ ಅನ್ನಬೇಡಿ. ಒಂದಕ್ಕೆ ಎರಡು, ನಾಲ್ಕರ ಲೆಕ್ಕ ದಿನಾ ಅಡುಗೆಮನೆಯಲ್ಲಿ ಮಾಡುವವರು ನೀವು. ಕಾಂಕ್ರೀಟೂ ಒಂದು ಹದವೇ. ಮುಂದಿನ ಸಲ ಗೌಂಡಿ ಬಂದಾಗ ಚಹಾದ ಲೋಟದ ಜೊತೆ ಅಳತೆ ಟೇಪನ್ನೂ ಹಿಡಿದು ಹೊರಗೆ ಬನ್ನಿ!