ಕಂಪ್ಲಿಯ ಕಾಲುವೆ
ಹಂಪೆಗೆ ಬಂದವರು ಕಲ್ಲಿನ ರಥವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ತುಂಗಭದ್ರೆಯ ಜೊತೆ ಕೆಳಕ್ಕೆ ಸಾಗಿ ಕಂಪ್ಲಿಯನ್ನು ನೋಡುವವರು ವಿರಳ. ಆದರೆ ವಿಜಯನಗರದವರು ಕಟ್ಟಿದ್ದರಲ್ಲಿ ಇಂದಿಗೂ ದುಡಿಯುತ್ತಿರುವುದನ್ನು ಕಾಣಬೇಕಾದರೆ ಬೇಸಾಯವನ್ನೇ ನಂಬಿದ ಈ ಸಣ್ಣ ಊರಿಗೆ ಬರಬೇಕು.

ಕಂಪ್ಲಿ ಹಂಪೆಯ ಸಾಮ್ರಾಜ್ಯಕ್ಕಿಂತ ಹಳೆಯದು. ಕುಮಾರರಾಮನ ತಂದೆ ಕಂಪಿಲರಾಯನ ರಾಜ್ಯವು 1327ರಲ್ಲಿ ದೆಹಲಿಯ ಸೈನ್ಯಕ್ಕೆ ಸಿಕ್ಕಿ ಅಳಿಯಿತು. 1565ರಲ್ಲಿ ಹಂಪೆಯೂ ಹಾಳಾಯಿತು. ಅರಮನೆಗಳು ಉರುಳಿದವು, ಕಾಲುವೆಗಳು ಮಾತ್ರ ಉಳಿದವು. ಹೊಳೆಗೆ ಅಡ್ಡಲಾಗಿ ಹಾಕಿದ ತಗ್ಗಿನ ಕಲ್ಲುಕಟ್ಟೆ ನೀರನ್ನು ಪಕ್ಕಕ್ಕೆ ತಿರುಗಿಸುತ್ತದೆ. ನೆಲದ ಇಳಿಜಾರೇ ಅದನ್ನು ಭತ್ತದ ಗದ್ದೆಗೂ ಕಬ್ಬು ಬಾಳೆಗಳ ತೋಟಕ್ಕೂ ಒಯ್ಯುತ್ತದೆ.

1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯವು ನೀರು ತುಂಬಿಕೊಂಡಿತು. ಅಂದಿನಿಂದ ಹಳೆಯ ಕಾಲುವೆಗಳ ಭಾಗ್ಯವೂ ಅದಕ್ಕೆ ಸೇರಿಕೊಂಡಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ನಾಟಿಯಾದ ಪೈರಿಗೆಂದು ಕೂಡಿಟ್ಟ ನೀರು ಹೊಳೆಯ ಪಾಲಾಗತೊಡಗಿತು. ದಂಡೆಯ ಊರುಗಳಿಗೆ ಒಂದೇ ವೇಳೆ ಎರಡು ಭಯ: ಇಂದು ಪ್ರವಾಹ, ನಾಳೆ ಬರ. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ದಾರಿ ಮುಚ್ಚಿದರು. ಮುಂಗಾರಿನ ಬೆಳೆಗೆ ನೀರು ಉಳಿಯಿತು.

ಏಳು ದಶಕಗಳ ಸರಪಳಿ ಒಂದೇ ರಾತ್ರಿ ಕೈಕೊಟ್ಟಿತು. ಶತಮಾನಗಳ ಕಾಲುವೆ ಇಂದೂ ಹರಿಯುತ್ತಿರುವುದು ಕಲ್ಲಿನ ಗಟ್ಟಿತನದಿಂದ ಮಾತ್ರವಲ್ಲ. ತಲೆತಲಾಂತರದಿಂದ ಅದರ ಹೂಳೆತ್ತಿ, ಬಿರುಕು ಮುಚ್ಚಿದ ಕೈಗಳಿಂದ. ಕಟ್ಟಿದವರ ಹೆಸರನ್ನು ಶಾಸನಗಳು ಹೇಳುತ್ತವೆ. ಕಾಪಾಡಿದವರ ಹೆಸರನ್ನು ಹೇಳುವುದು ಕಂಪ್ಲಿಯ ಹಸುರು ಗದ್ದೆಗಳು ಮಾತ್ರ.